ಮನೆಯೊಳಗಣ ಜಾಲತಂತಿ

ಹೊಸಮನೆಯನ್ನು ಕಟ್ಟಿಸುವ ಗೃಹಸ್ಥರು ಬಾಗಿಲ ಮರವನ್ನು ಹತ್ತು ಅಂಗಡಿಗಳಲ್ಲಿ ನೋಡಿ ಆರಿಸುವರು. ನೆಲದ ಕಲ್ಲನ್ನು ತಟ್ಟಿ ನೋಡುವರು. ಆದರೆ ಅಂತರ್ಜಾಲದ ತಂತಿಯ ಮಾತು ಬಂದೊಡನೆ, “ಈಗ ಎಲ್ಲವೂ ವೈಫೈ ಅಲ್ಲವೆ? ತಂತಿ ಏತಕ್ಕೆ?” ಎಂದು ಸುಮ್ಮನಾಗುವರು. ಗೃಹಪ್ರವೇಶವಾಗಿ, ಬಂಧುಗಳು ಉಂಡು ಹೋದಮೇಲೆ, ಮಗಳು ಮಹಡಿಯ ಕೋಣೆಯಲ್ಲಿ ಉದ್ಯೋಗದ ಸಂದರ್ಶನಕ್ಕೆಂದು ಕಂಪ್ಯೂಟರಿನ ಮುಂದೆ ಕುಳಿತಾಗ ಮಾತು ನಡುನಡುವೆ ಕಡಿದುಹೋಗುವುದು. ಆಗ, ಹೊಸ ಗೋಡೆಯನ್ನು ಒಡೆಯಿಸಬೇಕೆ ಎಂಬ ಚಿಂತೆ ಹತ್ತುವುದು. ಆ ಚಿಂತೆಗೆ ಎಡೆಯಾಗದಿರಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ವೈಫೈ ಎಂಬುದು ರೇಡಿಯೋ ಅಲೆ. ಇಟ್ಟಿಗೆಯ ಗೋಡೆಯೂ ಕಬ್ಬಿಣದ ಸರಳುಗಳುಳ್ಳ ಕಾಂಕ್ರೀಟಿನ ತಾರಸಿಯೂ ಅದರ ಬಲವನ್ನು ಕುಂದಿಸುವುವು. ನೆರೆಮನೆಗಳ ಅಲೆಗಳೂ ಅದಕ್ಕೆ ಅಡ್ಡಬರುವುವು. ಕೈಯಲ್ಲಿ ಹಿಡಿದು ತಿರುಗುವ ಫೋನಿಗೆ ವೈಫೈ ಬೇಕೇ ಬೇಕು. ಆದರೆ ಒಂದೆಡೆ ಕುಳಿತಿರುವ ಕಂಪ್ಯೂಟರಿಗೂ ಟಿ.ವಿ.ಗೂ, ಮಹಡಿಯಲ್ಲಿ ಇಡತಕ್ಕ ಎರಡನೆಯ ವೈಫೈ ಪೆಟ್ಟಿಗೆಗೂ ತಂತಿಯೇ ನಂಬಿಕೆಯ ದಾರಿ.

ಈ ತಂತಿಯ ಹೊದಿಕೆಯನ್ನು ಬಿಡಿಸಿದರೆ ಎಂಟು ಎಳೆಗಳು ಎರಡೆರಡಾಗಿ ಹೊಸೆದುಕೊಂಡು ನಾಲ್ಕು ಜೋಡಿಗಳಾಗಿ ಕಾಣುವುವು. ಹೊಸೆತವು ಅಂದಕ್ಕಾಗಿ ಅಲ್ಲ. ಹೊರಗಿನ ವಿದ್ಯುತ್ತಿನ ಗದ್ದಲವು ಜೋಡಿಯ ಎರಡು ಎಳೆಗಳ ಮೇಲೂ ಹೆಚ್ಚುಕಡಿಮೆ ಸಮನಾಗಿ ಬೀಳುವುದು. ಯಂತ್ರವು ಎರಡರ ವ್ಯತ್ಯಾಸವನ್ನು ಮಾತ್ರ ಗ್ರಹಿಸುವುದರಿಂದ ಆ ಗದ್ದಲವು ಕಳೆದುಹೋಗುವುದು. ದೂರವಾಣಿಯಿಂದ ಪ್ರಖ್ಯಾತನಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ ೧೮೮೧ರಲ್ಲಿಯೇ ಈ ಉಪಾಯಕ್ಕೆ ಪೇಟೆಂಟ್ ಪಡೆದನು.

ಅಂಗಡಿಗಳಲ್ಲಿ ಕ್ಯಾಟ್ ೫ಇ, ಕ್ಯಾಟ್ ೬, ಕ್ಯಾಟ್ ೬ಎ ಎಂಬ ದರ್ಜೆಗಳು ದೊರೆಯುವುವು. ಮೂರೂ ೧೦೦ ಮೀಟರಿನವರೆಗೆ ಸೆಕೆಂಡಿಗೆ ೧ ಗಿಗಾಬಿಟ್ ವೇಗವನ್ನು ತಾಳುವುವು. ಹತ್ತು ಗಿಗಾಬಿಟ್ಟನ್ನು ಕ್ಯಾಟ್ ೬ ಅನುಕೂಲ ಸ್ಥಿತಿಯಲ್ಲಿ ೫೫ ಮೀಟರಿನವರೆಗೂ, ೬ಎ ಪೂರ್ಣ ೧೦೦ ಮೀಟರಿಗೂ ಒಯ್ಯುವುದು. ವಾಸದ ಮನೆಯಲ್ಲಿ ಅಷ್ಟು ಉದ್ದದ ತಂತಿ ಅಪರೂಪ. ೬ಎ ದಪ್ಪವಾಗಿದ್ದು ಬಗ್ಗಿಸುವುದೂ ಕಷ್ಟ. ಆದುದರಿಂದ ಸಾಮಾನ್ಯ ಗೃಹಸ್ಥರಿಗೆ ಕ್ಯಾಟ್ ೬ ಸಾಕು.

ದರ್ಜೆಗಿಂತಲೂ ಮುಖ್ಯವಾದುದು ಲೋಹ. ಇದರಲ್ಲಿ ನಾವೇ ಒಮ್ಮೆ ಮೋಸಹೋದೆವು. ಬೆಲೆ ಅಗ್ಗವೆಂದು ೩೦೫ ಮೀಟರಿನ ಪೆಟ್ಟಿಗೆಯೊಂದನ್ನು ಕೊಂಡೆವು. ಹೊತ್ತು ತರುವಾಗ ಹಗುರವಾಗಿದೆಯೆಂದು ಸಂತೋಷವನ್ನೂ ಪಟ್ಟೆವು! ತಂತಿಯನ್ನು ಎಳೆಯಿಸಿ ತುದಿಗಳನ್ನು ಜೋಡಿಸತೊಡಗಿದಾಗ ಎಳೆಗಳು ಒಂದೊಂದಾಗಿ ಮುರಿದುವು. ಬ್ಲೇಡಿನಿಂದ ಕೆರೆದು ನೋಡಿದರೆ ಮೇಲೆ ತಾಮ್ರದ ಕೆಂಪು, ಒಳಗೆ ಅಲ್ಯೂಮಿನಿಯಮ್ಮಿನ ಬಿಳುಪು. ಅಲ್ಯೂಮಿನಿಯಮ್ಮಿನ ವಿದ್ಯುದ್ವಾಹಕತೆ ತಾಮ್ರದ ಶೇಕಡ ೬೦ರಷ್ಟು ಮಾತ್ರ. ಇದೇ ತಂತಿಯ ಮೂಲಕ ಕ್ಯಾಮರಾಗಳಿಗೆ ವಿದ್ಯುತ್ತನ್ನೂ ಒದಗಿಸುವ ಪದ್ಧತಿ ಈಗ ಇರುವುದರಿಂದ, ಇಂಥ ತಂತಿ ಹೆಚ್ಚು ಕಾಯುವುದು. ಮಾರುವವರು ಇದನ್ನು ‘ಸಿಸಿಎ’ ಎನ್ನುವರು. ಕೊಳ್ಳುವ ಮೊದಲೇ ಒಂದು ಎಳೆಯನ್ನು ಕೆರೆದು ನೋಡಿರಿ. ಶುದ್ಧ ತಾಮ್ರವೆಂದು ರಸೀತಿಯಲ್ಲಿ ಬರೆಯಿಸಿಕೊಳ್ಳಿರಿ.

ನಮ್ಮನ್ನು ಕಾಪಾಡಿದುದು ಪೈಪು. ತಂತಿಯನ್ನು ಗಾರೆಯಲ್ಲಿ ನೇರವಾಗಿ ಹೂಳದೆ ೨೫ ಮಿಲಿಮೀಟರಿನ ಪಿ.ವಿ.ಸಿ. ಪೈಪಿನಲ್ಲಿ ಎಳೆಯಿಸಿದ್ದೆವಾಗಿ, ಹಳೆಯ ತಂತಿಯ ತುದಿಗೆ ಹೊಸದನ್ನು ಕಟ್ಟಿ ಎಳೆದುಕೊಂಡೆವು; ಗೋಡೆಗೆ ಒಂದು ಉಳಿಯೇಟೂ ಬೀಳಲಿಲ್ಲ. ಹಣ ಮಾತ್ರ ಎರಡು ಸಲ ಹೋಯಿತು.

ಗೋಡೆಯೆದ್ದು ಗಾರೆ ಬೀಳುವ ಮುನ್ನವೇ ಈ ಕೆಲಸಕ್ಕೆ ತಕ್ಕ ಕಾಲ. ಹೊರಗಿನ ಜಾಲಸಂಪರ್ಕವು ಮನೆಯನ್ನು ಹೊಗುವ ಸ್ಥಳವೊಂದನ್ನು ಗೊತ್ತುಮಾಡಿ, ಪ್ರತಿಯೊಂದು ಕೋಣೆಯಿಂದಲೂ ಅಲ್ಲಿಗೆ ಪ್ರತ್ಯೇಕ ತಂತಿಯನ್ನು ತರಿಸಬೇಕು. ಓದುವ ಕೋಣೆಗೂ ಟಿ.ವಿ.ಯ ಎಡೆಗೂ ಎರಡೆರಡು ಇದ್ದರೆ ಉತ್ತಮ. ೨೩೦ ವೋಲ್ಟಿನ ದೀಪದ ತಂತಿಯೊಡನೆ ಇದನ್ನು ಒಂದೇ ಪೈಪಿನಲ್ಲಿ ಎಂದಿಗೂ ಹಾಕಿಸಕೂಡದು. ಅಡ್ಡಹಾಯಲೇಬೇಕಾದಲ್ಲಿ ಲಂಬಕೋನದಲ್ಲಿ ಹಾಯಿಸಬೇಕು. ತಿರುವುಗಳು ವಿಶಾಲವಾಗಿರಲಿ. ತುದಿಯಲ್ಲಿ ಹೊಸೆತವನ್ನು ೧೩ ಮಿಲಿಮೀಟರಿಗಿಂತ ಹೆಚ್ಚು ಬಿಚ್ಚದಂತೆಯೂ, ಎರಡು ತುದಿಗಳಲ್ಲಿಯೂ ಬಣ್ಣಗಳ ಕ್ರಮ ಒಂದೇ ಇರುವಂತೆಯೂ ಕೆಲಸಗಾರರಿಗೆ ಹೇಳಿರಿ. ಗಾರೆ ಹಾಕುವ ಮುನ್ನ ಪ್ರತಿ ಗೋಡೆಯ ಛಾಯಾಚಿತ್ರವನ್ನು ತೆಗೆದಿಟ್ಟುಕೊಂಡರೆ, ಮುಂದೆ ಮೊಳೆ ಹೊಡೆಯುವಾಗ ಉಪಕಾರವಾಗುವುದು. ಬಣ್ಣ ಬಳಿಯುವ ಮೊದಲು ಎಂಟು ಎಳೆಗಳನ್ನೂ ಪರೀಕ್ಷಾಯಂತ್ರದಿಂದ ನೋಡಿಸಿ, ತುದಿಗಳಿಗೆ ಕೋಣೆಯ ಹೆಸರನ್ನು ಅಂಟಿಸಿರಿ.

ಇನ್ನೊಂದು ಮಾತು. ಅಂಗಳದಾಚೆಯ ಹೊರಮನೆಗೆ ಸಂಪರ್ಕ ಬೇಕಾದರೆ ತಾಮ್ರದ ತಂತಿಯನ್ನು ಎಳೆಯಿಸಬೇಡಿರಿ. ಮಲೆನಾಡಿನಂಥ ಸೀಮೆಗಳಲ್ಲಿ ಸಿಡಿಲು ಸಮೀಪದಲ್ಲಿ ಬಿದ್ದರೂ ಅದರ ಮೂಲಕ ಹಾನಿಯು ಒಳನುಗ್ಗಬಹುದು. ಲೋಹದ ಕವಚವಿಲ್ಲದ ಗಾಜಿನ ಎಳೆಯ ತಂತಿಯು ವಿದ್ಯುತ್ತನ್ನು ಒಯ್ಯದು. ಅಲ್ಲಿಗೆ ಅದೇ ಯೋಗ್ಯ.

ತಂತಿಯ ದರ್ಜೆಗಳು ಮುಂದೆಯೂ ಬದಲಾಗುತ್ತಲೇ ಇರುವುವು. ಪೈಪನ್ನು ಸರಿಯಾಗಿ ಹೂಳಿಸಿದ ಮನೆಯ ಯಜಮಾನರಿಗೆ ಅದರಿಂದ ಭಯವಿಲ್ಲ. ಮನೆ ಕಟ್ಟಿಸುತ್ತಿರುವ ವಾಚಕರು ನಾಳೆಯೇ ಮೇಸ್ತ್ರಿಯನ್ನು ಕರೆದು ಈ ಮಾತನ್ನೆತ್ತಿದರೆ ನಮ್ಮ ಶ್ರಮ ಸಾರ್ಥಕವಾಯಿತೆಂದು ಭಾವಿಸುವೆವು.