ಬ್ರೌಸರ್, ಕೀಲಿಮಣೆ ಮತ್ತು ಬೆರಳಚ್ಚು ಸಾಧನಗಳ ಹೊಂದಾಣಿಕೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಬಳ್ಳಾರಿ ನಗರ, ಸಿರುಗುಪ್ಪ ಹಾಗೂ ಕುರುಗೋಡು ಭಾಗದ ಸಾರ್ವಜನಿಕರು ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಡಿತರ, ರೈತರ ನೋಂದಣಿ ಮುಂತಾದ ಸೇವೆಗಳಿಗೆ ಇಂದು ಗಣಕಯಂತ್ರವನ್ನೇ ಅವಲಂಬಿಸಿದ್ದಾರೆ. ಜಾಲತಾಣ, ಅದನ್ನು ತೆರೆಯುವ ಬ್ರೌಸರ್ ಹಾಗೂ ಯಂತ್ರಕ್ಕೆ ಜೋಡಿಸಿದ ಸಾಧನ, ಈ ಮೂರೂ ಒಂದಕ್ಕೊಂದು ಹೊಂದಿಕೊಂಡಾಗ ಮಾತ್ರ ಅರ್ಜಿಯು ಮುಂದೆ ಸಾಗುತ್ತದೆ. ಬೆಂಬಲ ಬೆಲೆಯಡಿ ಭತ್ತ ಮಾರಲು ಫ್ರೂಟ್ಸ್ ಗುರುತಿನ ಸಂಖ್ಯೆ ಅಗತ್ಯ. ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ಸಿರುಗುಪ್ಪದ ರೈತನಿಗೆ ನೋಂದಣಿಯ ಕೊನೆಯ ದಿನ ಅಡಚಣೆಯುಂಟಾದರೆ ಬೆಳೆಯ ಬೆಲೆಗೇ ಧಕ್ಕೆ ಒದಗಬಹುದು.

ಬ್ರೌಸರ್ ಬದಲಾದ ಬಗೆ

2000ರ ದಶಕದ ಆರಂಭದಲ್ಲಿ ಭೂಮಿ ಯೋಜನೆಯಡಿ ರಾಜ್ಯದ ಪಹಣಿಗಳು ಗಣಕೀಕೃತಗೊಂಡವು. ಆ ಕಾಲದ ಅನೇಕ ಜಾಲತಾಣಗಳನ್ನು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಒಂದನ್ನೇ ಗಮನದಲ್ಲಿರಿಸಿಕೊಂಡು ರೂಪಿಸಲಾಗಿತ್ತು. ಸಾಧನಗಳನ್ನು ತಲುಪಲು ಆಕ್ಟಿವ್‌ಎಕ್ಸ್ ಅಥವಾ ಜಾವಾ ಆಪ್ಲೆಟ್ ಬಳಸಲಾಗುತ್ತಿತ್ತು. ಭದ್ರತೆಯ ದೃಷ್ಟಿಯಿಂದ ಜಾವಾ ಆಪ್ಲೆಟ್‌ಗಳಿಗೆ ಕ್ರೋಮ್ 2015ರಲ್ಲಿಯೂ, ಫೈರ್‌ಫಾಕ್ಸ್ 2017ರಲ್ಲಿಯೂ ಅವಕಾಶ ನಿಲ್ಲಿಸಿದವು. 2022ರ ಜೂನ್ 15ರಂದು ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11ನ್ನು ತಯಾರಕ ಸಂಸ್ಥೆಯು ನಿವೃತ್ತಿಗೊಳಿಸಿತು. ಹಳೆಯ ಪುಟಗಳನ್ನು ತೆರೆಯಲು ಎಡ್ಜ್ ಬ್ರೌಸರಿನಲ್ಲಿ ಪ್ರತ್ಯೇಕ ವ್ಯವಸ್ಥೆಯಿದೆ.

ಕನ್ನಡ ಅಕ್ಷರಗಳ ತೊಡಕು

ಹಿಂದಿನ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕಾರಗಳನ್ನು ಇರಿಸಲಾಗಿತ್ತು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗವಿರುವುದರಿಂದ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗಿದೆ. ಆದರೂ ‘ರ‍್ಯಾಂಕ್’ ಎಂಬಂತಹ ಪದಗಳಲ್ಲಿ ಕಣ್ಣಿಗೆ ಕಾಣದ ಜೋಡಣಾ ಸಂಕೇತವೊಂದು ಸೇರಿರುತ್ತದೆ. ಇಂತಹ ಸಂಕೇತವು ಒಂದು ದಾಖಲೆಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಓದುವವರಿಗೆ ಹೆಸರು ಒಂದೇ ಆದರೂ ಯಂತ್ರಕ್ಕೆ ಬೇರೆಯಾಗಿ ತೋರಬಹುದು.

ಬೆರಳಚ್ಚು ಸಾಧನ

ಆಧಾರ್ ದೃಢೀಕರಣಕ್ಕೆ ನೋಂದಾಯಿತ ಸಾಧನಗಳ ಪದ್ಧತಿ 2017ರಲ್ಲಿ ಜಾರಿಗೆ ಬಂದಿತು. ಇದರಲ್ಲಿ ಬ್ರೌಸರ್ ನೇರವಾಗಿ ಬೆರಳಚ್ಚನ್ನು ಪಡೆಯುವುದಿಲ್ಲ. ಅದೇ ಗಣಕಯಂತ್ರದಲ್ಲಿ ಅಳವಡಿಸಿದ ಸೇವಾ ತಂತ್ರಾಂಶವು 11100ರಿಂದ 11120ರವರೆಗಿನ ಪೋರ್ಟ್‌ಗಳಲ್ಲೊಂದರ ಮೂಲಕ ಬ್ರೌಸರಿನೊಡನೆ ವ್ಯವಹರಿಸುತ್ತದೆ. ಈ ತಂತ್ರಾಂಶ ಸ್ಥಗಿತಗೊಂಡಿದ್ದರೆ, ಇಲ್ಲವೇ ಬ್ರೌಸರ್ ಈ ಸಂಪರ್ಕವನ್ನು ತಡೆದರೆ, ಸಾಧನವು ಸುಸ್ಥಿತಿಯಲ್ಲಿದ್ದರೂ ಜಾಲತಾಣಕ್ಕೆ ಕಾಣುವುದಿಲ್ಲ. 2025ರ ಅಂತ್ಯದಿಂದ ಕ್ರೋಮ್‌ನ ಹೊಸ ಆವೃತ್ತಿಗಳು ಇಂತಹ ಸಂಪರ್ಕಕ್ಕೆ ಅನುಮತಿ ಕೇಳುತ್ತವೆ. ಅದನ್ನು ನಿರಾಕರಿಸಿದರೂ ಇದೇ ಪರಿಣಾಮ.

ದೋಷ ಎಲ್ಲಿದೆ?

ಹೊಲದಲ್ಲಿ ದುಡಿದು ಬೆರಳಿನ ಗೆರೆ ಸವೆದವರಿಗೆ ‘ಬೆರಳು ಬರುತ್ತಿಲ್ಲ’ ಎಂಬ ಉತ್ತರ ದೊರೆಯುವುದುಂಟು. ಅದು ಎಲ್ಲ ಸಂದರ್ಭಗಳಲ್ಲಿಯೂ ನಿಜವಲ್ಲ. ಪರದೆಯ ಮೇಲಿನ ಸಂಖ್ಯೆಯಿಂದ ದೋಷವನ್ನು ಗುರುತಿಸಬಹುದು:

1. ಸಂಖ್ಯೆ 300: ಬೆರಳಚ್ಚು ದಾಖಲೆಯೊಂದಿಗೆ ತಾಳೆಯಾಗಿಲ್ಲ. ಬೆರಳನ್ನು ಒರೆಸಿಕೊಂಡು ಬೇರೆ ಬೆರಳಿನಿಂದ ಪ್ರಯತ್ನಿಸತಕ್ಕದ್ದು.
2. ಸಂಖ್ಯೆ 700: ನಿಗದಿತ ಅವಧಿಯೊಳಗೆ ಬೆರಳಚ್ಚು ದೊರೆತಿಲ್ಲ. ಪುನಃ ಪ್ರಯತ್ನಿಸತಕ್ಕದ್ದು.
3. ಸಂಖ್ಯೆ 720: ಸಾಧನ ಸಿದ್ಧವಾಗಿಲ್ಲ. ಇದು ಯಂತ್ರದ ದೋಷವೇ ಹೊರತು ಅರ್ಜಿದಾರರದ್ದಲ್ಲ.

ಗಮನಿಸಬೇಕಾದ ಅಂಶಗಳು

1. ಬ್ರೌಸರನ್ನು ಹಾಗೂ ಸಾಧನದ ಸೇವಾ ತಂತ್ರಾಂಶವನ್ನು ನವೀಕರಿಸಿ, ಸಾಧನವನ್ನು ಕಳಚಿ ಮರುಜೋಡಿಸಿ ನೋಡುವುದು.
2. ಹಳೆಯ ನುಡಿ ಕಡತದ ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸಿದ ನಂತರವೇ ಅರ್ಜಿಯಲ್ಲಿ ಸೇರಿಸುವುದು.
3. ಸೇವೆಯಲ್ಲಿ ಅವಕಾಶವಿದ್ದಲ್ಲಿ ಮೊಬೈಲ್ ಒಟಿಪಿ, ಕಣ್ಣಿನ ಪಾಪೆ ಅಥವಾ ಮುಖ ದೃಢೀಕರಣವನ್ನು ಕೋರುವುದು.
4. ಸೇವೆ ದೊರೆಯದೆ ಹಿಂದಿರುಗುವ ಮುನ್ನ ಪರದೆಯಲ್ಲಿ ಕಂಡ ಸಂಖ್ಯೆ, ದಿನಾಂಕ ಮತ್ತು ವೇಳೆಯನ್ನು ಬರೆದಿಟ್ಟುಕೊಳ್ಳುವುದು. ದೂರು ಸಲ್ಲಿಸುವಾಗ ಈ ವಿವರಗಳು ನೆರವಾಗುತ್ತವೆ.