ಲಾರಿಯ ಬ್ಯಾಟರಿ ಪೆಟ್ಟಿಗೆ: ಒಂದೊಂದು ಹಾನಿಗೆ ಒಂದೊಂದು ಉತ್ತರ

ಲಾರಿಯ ಬ್ಯಾಟರಿ ಪೆಟ್ಟಿಗೆಯೆಂದರೆ ಚಾಸಿಯ ಪಕ್ಕಕ್ಕೆ ಬೋಲ್ಟು ಹಾಕಿ ಬಿಗಿದ ತಟ್ಟೆ, ಬ್ಯಾಟರಿಗಳನ್ನು ಅದುಮಿ ಹಿಡಿಯುವ ಪಟ್ಟಿ, ಮೇಲೊಂದು ಮುಚ್ಚಳ. ನೋಡಲು ಸರಳವಾದ ಈ ಚೌಕಟ್ಟು ಭಾರ ಹೊರಬೇಕು, ಕುಲುಕಾಟ ತಡೆಯಬೇಕು, ಸೋರಿದ ಆಮ್ಲವನ್ನು ಚಾಸಿಗೆ ತಾಗಗೊಡಬಾರದು, ಅನಿಲಕ್ಕೆ ಹೊರದಾರಿ ಬಿಡಬೇಕು, ಶಾರ್ಟ್ ಆಗದಂತೆ ಕಾಯಬೇಕು. ಇಷ್ಟೂ ಹೊಣೆ ಅದರ ಮೇಲೆ ಒಂದೇ ದಿನ ಬೀಳಲಿಲ್ಲ. ಬ್ಯಾಟರಿ ದೊಡ್ಡದಾದಂತೆ, ಎಂಜಿನ್ ಬದಲಾದಂತೆ, ಒಂದೊಂದು ಹಾನಿಗೆ ಒಂದೊಂದು ಉತ್ತರವಾಗಿ ಪೆಟ್ಟಿಗೆಯ ಭಾಗಗಳು ಬಂದು ಸೇರಿದವು. ಹೊಸದಾಗಿ ಪೆಟ್ಟಿಗೆ ಮಾಡಿಸುವಾಗ ಈ ಉತ್ತರಗಳಲ್ಲಿ ಒಂದನ್ನು ಬಿಟ್ಟರೂ ಹಳೆಯ ಹಾನಿ ಮರಳಿ ಬರುತ್ತದೆ.

ಚಾಸಿಯ ಪಕ್ಕಕ್ಕೆ ಬಂದ ಬಗೆ

ಸೀಸ-ಆಮ್ಲ ಬ್ಯಾಟರಿಯನ್ನು 1859ರಲ್ಲಿ ರೂಪಿಸಿದವನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ. 1881ರಲ್ಲಿ ಅದೇ ದೇಶದ ಕಮೀಲ್ ಫೋರ್, ಸೀಸದ ಸಂಯುಕ್ತವನ್ನು ಲೇಪದಂತೆ ಫಲಕಗಳಿಗೆ ಬಳಿಯುವ ವಿಧಾನ ತಂದ. ಇದರಿಂದ ಬ್ಯಾಟರಿಯ ಶಕ್ತಿ ಹೆಚ್ಚಿತು. ಜೊತೆಗೆ ಹೊಸ ದೌರ್ಬಲ್ಯವೂ ಬಂತು: ಅಲುಗಾಟಕ್ಕೆ ಲೇಪ ಉದುರುತ್ತದೆ, ಉದುರಿದ ಪುಡಿ ತಳದಲ್ಲಿ ಶೇಖರವಾಗಿ ಫಲಕಗಳ ನಡುವೆ ಶಾರ್ಟ್ ಮಾಡುತ್ತದೆ. ಬ್ಯಾಟರಿಯನ್ನು ಬಿಗಿಯಾಗಿ ಹಿಡಿಯಬೇಕಾದ ಮೊದಲ ಕಾರಣ ಇದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನಗರಗಳಲ್ಲಿ ಸಾಮಾನು ಸಾಗಿಸಲು ವಿದ್ಯುತ್ ಲಾರಿಗಳಿದ್ದವು. ಅವುಗಳಲ್ಲಿ ಅನೇಕವು ತಮ್ಮ ಭಾರಿ ಬ್ಯಾಟರಿಗಳನ್ನು ಚಾಸಿಯ ಕೆಳಗೆ, ಎರಡು ಆ್ಯಕ್ಸಲ್‌ಗಳ ನಡುವೆ ತೂಗುಹಾಕಿದ ಪೆಟ್ಟಿಗೆಗಳಲ್ಲಿ ಹೊರುತ್ತಿದ್ದವು. 1910ರ ದಶಕದಲ್ಲಿ ಹಾರ್ಟ್‌ಫೋರ್ಡ್ ಎಲೆಕ್ಟ್ರಿಕ್ ಲೈಟ್ ಕಂಪನಿ ಖಾಲಿಯಾದ ಬ್ಯಾಟರಿಯನ್ನು ಇಳಿಸಿ ಚಾರ್ಜ್ ಆದದ್ದನ್ನು ಏರಿಸಿ ಕೊಡುವ ಸೇವೆ ನಡೆಸಿತು. ಬ್ಯಾಟರಿ ಓಟದಲ್ಲಿ ಅಲುಗಬಾರದು, ಬೇಕೆಂದಾಗ ಬೇಗ ಹೊರಬರಬೇಕು. ಒಳ್ಳೆಯ ಪೆಟ್ಟಿಗೆಗೆ ಇಂದಿಗೂ ಇದೇ ಪರೀಕ್ಷೆ.

ಪೆಟ್ರೋಲ್ ವಾಹನಗಳನ್ನು ಆಗ ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಬೇಕಿತ್ತು. ಚಾರ್ಲ್ಸ್ ಕೆಟರಿಂಗ್ 1911ರಲ್ಲಿ ಸಿದ್ಧಪಡಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿಗೆ ಬಂದ ಮೇಲೆ ಬ್ಯಾಟರಿ ಎಂಜಿನ್ನಿನ ಸಂಗಾತಿಯಾಯಿತು. ಆ ಕಾಲದ ವಾಹನಗಳಲ್ಲಿ ಅದಕ್ಕೆ ಸೀಟಿನ ಅಡಿಯಲ್ಲೋ ಹಲಗೆಯ ಕೆಳಗೋ ಕಾಲಿಡುವ ಪಟ್ಟಿಯ ಮೇಲೋ ಜಾಗ ಸಿಗುತ್ತಿತ್ತು. ಲಾರಿಗೆ ಡೀಸೆಲ್ ಬಂದಾಗ ಈ ಜಾಗ ಸಾಲದಾಯಿತು. 1924ರ ಬರ್ಲಿನ್ ಪ್ರದರ್ಶನದಲ್ಲಿ ಮಾನ್ ಕಂಪನಿ ತನ್ನ ಡೀಸೆಲ್ ಲಾರಿಯನ್ನು ತೋರಿಸಿತು. ಗಾಳಿಯನ್ನು ಅದುಮಿ ಬಿಸಿಮಾಡಿ ಇಂಧನ ಹೊತ್ತಿಸುವ ಈ ಎಂಜಿನ್ನನ್ನು ತಿರುಗಿಸಲು ಹೆಚ್ಚು ಬಲ ಬೇಕು. ಹಾಗಾಗಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯುವ ರೂಢಿ ದೊಡ್ಡ ಲಾರಿಗಳಲ್ಲಿ ನೆಲೆಯೂರಿತು. 150 ಆಂಪಿಯರ್-ಅವರ್‌ನ ಒಂದು ಬ್ಯಾಟರಿ ಸುಮಾರು 40 ಕಿಲೊ ತೂಗುತ್ತದೆ. ಇಂಥ ಎರಡನ್ನು ಹೊರಲು ಚಾಸಿಯ ಪಕ್ಕವೇ ತಕ್ಕ ಜಾಗವಾಯಿತು.

ಭಾರತದಲ್ಲಿ 1954ರಲ್ಲಿ ಟಾಟಾ-ಮರ್ಸಿಡಿಸ್ ಬೆಂಜ್ ಸಹಯೋಗ ಆರಂಭವಾಯಿತು, 1955ರಲ್ಲಿ ಅಶೋಕ್ ಲೇಲ್ಯಾಂಡ್ ಹೆಸರು ಬಂತು. ಇಲ್ಲಿ ಚಾಸಿಯನ್ನು ಕಂಪನಿಯಿಂದ ಕೊಂಡು, ಬಾಡಿಯನ್ನು ಬೇರೆ ಕಡೆ ಕಟ್ಟಿಸುವ ಪದ್ಧತಿ ಬೆಳೆಯಿತು. ಟಿಪ್ಪರ್, ಟ್ಯಾಂಕರ್, ಕ್ರೇನ್ ಕಟ್ಟುವಾಗ ಮೂಲ ಪೆಟ್ಟಿಗೆ ಅಡ್ಡ ಬರುವುದುಂಟು. ತುಕ್ಕು ತಿಂದ ಹಳೆಯದನ್ನು ಬದಲಿಸಬೇಕಾಗುವುದೂ ಉಂಟು. ಅಳತೆಗೆ ತಕ್ಕಂತೆ ಮಾಡಿಸಿದ ಪೆಟ್ಟಿಗೆಯ ಅಗತ್ಯ ಹುಟ್ಟುವುದು ಇಲ್ಲಿಂದ.

ಜಾಗದ ಆಯ್ಕೆ

ಮೊದಲು ನೋಡಬೇಕಾದದ್ದು ಚಾಸಿ ತಯಾರಕರು ಬಾಡಿ ಕಟ್ಟುವವರಿಗಾಗಿ ಕೊಡುವ ಕೈಪಿಡಿ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಕ್ಕಿಂತ ಭಿನ್ನವಾಗುವಂಥ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ ಎಂಬುದೂ ನೆನಪಿರಬೇಕು.

ಪೆಟ್ಟಿಗೆ ಸ್ಟಾರ್ಟರಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು. 70 ಚದರ ಮಿಲಿಮೀಟರ್ ದಪ್ಪದ ತಾಮ್ರದ ಕೇಬಲ್ 4 ಮೀಟರ್ ಉದ್ದವಿದ್ದು 500 ಆಂಪಿಯರ್ ಹರಿದರೆ ಅರ್ಧ ವೋಲ್ಟ್ ದಾರಿಯಲ್ಲೇ ನಷ್ಟವಾಗುತ್ತದೆ. ಅದೇ ಕೇಬಲ್ 12 ಮೀಟರ್ ಆದರೆ ನಷ್ಟ ಒಂದೂವರೆ ವೋಲ್ಟ್. ಆದ್ದರಿಂದ ಪೆಟ್ಟಿಗೆಯನ್ನು ಹಿಂದಕ್ಕೆ ಸರಿಸಿದರೆ ಕೇಬಲ್‌ನ ದಪ್ಪವನ್ನೂ ಹೆಚ್ಚಿಸಬೇಕು.

ಸೈಲೆನ್ಸರಿನ ಬಿಸಿ ತಾಗುವ ಜಾಗ ಸಲ್ಲದು. ಉಷ್ಣತೆ 10 ಡಿಗ್ರಿ ಏರಿದರೆ ಬ್ಯಾಟರಿಯ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ತಂತ್ರಜ್ಞರ ಸಾಮಾನ್ಯ ಲೆಕ್ಕ. ಲೋಡು ತುಂಬಿ ಸ್ಪ್ರಿಂಗ್ ಪಟ್ಟಿಗಳು ಪೂರ್ತಿ ಬಾಗಿದಾಗಲೂ, ಸ್ಟೀರಿಂಗ್ ಪೂರ್ತಿ ತಿರುಗಿದಾಗಲೂ ಟೈರು ಪೆಟ್ಟಿಗೆಗೆ ತಾಗಬಾರದು.

ಪೆಟ್ಟಿಗೆಯ ರಚನೆ

ಬ್ಯಾಟರಿ ಮತ್ತು ಪೆಟ್ಟಿಗೆ ಸೇರಿ 100 ಕಿಲೊ ಎಂದುಕೊಂಡರೆ, ಹಳ್ಳಕ್ಕೆ ಚಕ್ರ ಬಿದ್ದಾಗ ಆಧಾರದ ಮೇಲೆ ಬೀಳುವ ಬಲ ಅದರ ಎಷ್ಟೋ ಪಟ್ಟು. ನಿಂತ ಭಾರಕ್ಕೆ ಮಾತ್ರ ಲೆಕ್ಕ ಹಾಕಿದ ಬ್ರಾಕೆಟ್ ಬೆಸುಗೆಯ ಅಂಚಿನಲ್ಲಿ ಬಿರುಕು ಬಿಡುತ್ತದೆ. ತಟ್ಟೆಯ ಅಡಿಗೆ ಆ್ಯಂಗಲ್, ಚಾಸಿಯ ಕಡೆಗೆ ಓರೆ ಆಧಾರ ಕೊಡುವುದು ಇದಕ್ಕಾಗಿ.

ಉಕ್ಕಿನ ತಟ್ಟೆಗೆ ಆಮ್ಲ ತಡೆಯುವ ಬಣ್ಣ ಅಥವಾ ಪೌಡರ್ ಕೋಟಿಂಗ್ ಬೇಕು. ಬ್ಯಾಟರಿಯ ಅಡಿಗೆ ಆಮ್ಲಕ್ಕೆ ಕರಗದ ರಬ್ಬರ್ ಹಾಸು, ತಟ್ಟೆಯಲ್ಲಿ ನೀರು ಬಸಿದುಹೋಗುವ ತೂತುಗಳಿರಬೇಕು. ಆ ತೂತುಗಳಿಂದ ಇಳಿದದ್ದು ಬ್ರೇಕ್ ಪೈಪಿನ ಮೇಲೆ ಬೀಳಬಾರದು.

ಚಾರ್ಜ್ ಆಗುವಾಗ ನೀರು ಒಡೆದು ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ 4 ತಲುಪಿದರೆ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು; ಪ್ರಮಾಣ ಇನ್ನೂ ಹೆಚ್ಚಿದರೆ ಬ್ಯಾಟರಿ ಸಿಡಿಯಬಹುದು. ಈ ಅನಿಲ ಗಾಳಿಗಿಂತ ಹಗುರ. ಹಾಗಾಗಿ ಗಾಳಿಯ ಕಿಂಡಿಗಳು ಪೆಟ್ಟಿಗೆಯ ಮೇಲ್ಭಾಗದಲ್ಲಿರಬೇಕು. ಕಳ್ಳರ ಭಯಕ್ಕೆ ಬೀಗ ಹಾಕುವುದು ಸರಿ, ಕಿಂಡಿ ಮುಚ್ಚುವುದು ಅಪಾಯ.

ಮುಚ್ಚಳದ ಒಳಮೈ ಮತ್ತು ಟರ್ಮಿನಲ್‌ಗಳ ನಡುವೆ ಅಂತರವಿರಬೇಕು. ಯಾರಾದರೂ ಮುಚ್ಚಳದ ಮೇಲೆ ಕಾಲಿಟ್ಟರೂ ಅದು ಬಗ್ಗಿ ಟರ್ಮಿನಲ್‌ಗೆ ತಾಗಬಾರದು.

ಜೋಡಣೆಯ ಕ್ರಮ

ಕೀ ತೆಗೆದು, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಮೊದಲು ನೆಗೆಟಿವ್ ಕೇಬಲ್ ಬಿಚ್ಚಬೇಕು. ಪಾಸಿಟಿವ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಚಾಸಿಗೆ ತಾಗಿದರೆ ಸಾವಿರಾರು ಆಂಪಿಯರ್ ಹರಿದು ಸ್ಪ್ಯಾನರ್ ಕೆಂಪಗೆ ಕಾಯುತ್ತದೆ. ಕೈಯ ಉಂಗುರ, ಕಡಗ ತೆಗೆದಿಡಬೇಕು. ಕನ್ನಡಕ, ಕೈಗವಸು ಹಾಕಿಕೊಳ್ಳಬೇಕು.

ಬೆಸುಗೆ ಕೆಲಸವೆಲ್ಲ ಪೆಟ್ಟಿಗೆ ಲಾರಿಯಿಂದ ದೂರವಿದ್ದಾಗಲೇ ಮುಗಿಯಬೇಕು. ಚಾಸಿಗೆ ಬೆಸುಗೆ ಹಾಕಿದರೆ ಉಕ್ಕಿನ ಗುಣ ಕೆಡುತ್ತದೆ, ಎಲೆಕ್ಟ್ರಾನಿಕ್ ಘಟಕಗಳೂ ಹಾಳಾಗಬಹುದು. ಚಾಸಿಯ ಉದ್ದತೊಲೆಗೆ ನಡುವೆ ನೆಟ್ಟಗಿನ ಗೋಡೆ, ಮೇಲೆ ಕೆಳಗೆ ಮಡಿಕೆಗಳಿರುತ್ತವೆ. ಬಾಗುವ ಬಲವನ್ನು ಹೆಚ್ಚಾಗಿ ತಾಳುವುದು ಮಡಿಕೆಗಳು, ಆದ್ದರಿಂದ ಅಲ್ಲಿ ತೂತು ಕೊರೆಯಲೇಬಾರದು. ನಡುಗೋಡೆಯಲ್ಲಿ ಕಂಪನಿ ಬಿಟ್ಟ ತೂತುಗಳನ್ನೇ ಬಳಸುವುದು ಉತ್ತಮ. ಹೈಟೆನ್ಸೈಲ್ ಬೋಲ್ಟು, ಗಟ್ಟಿ ವಾಷರ್, ಲಾಕ್ ನಟ್ ಹಾಕಿ, ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ತಿರುಗಿಸಬೇಕು.

ಬ್ಯಾಟರಿ ಕೂರಿಸಿದ ಮೇಲೆ ಅದುಮುಪಟ್ಟಿಯನ್ನು ಅಲುಗದಷ್ಟು ಬಿಗಿಯಬೇಕು; ಅತಿಯಾದರೆ ಪ್ಲಾಸ್ಟಿಕ್ ಕವಚ ಸೀಳುತ್ತದೆ. ಬಳಿಕ ಪಾಸಿಟಿವ್, ಎರಡು ಬ್ಯಾಟರಿಗಳ ನಡುವಿನ ಜೋಡುಕೇಬಲ್, ಕೊನೆಗೆ ನೆಗೆಟಿವ್. ಕೇಬಲ್ ತಗಡು ದಾಟುವಲ್ಲಿ ರಬ್ಬರ್ ಗ್ರೋಮೆಟ್, ಪಾಸಿಟಿವ್ ಟರ್ಮಿನಲ್‌ಗೆ ರಬ್ಬರ್ ಟೋಪಿ ಇರಬೇಕು. ಕೇಬಲ್ ಡೀಸೆಲ್ ಪೈಪಿನ ಜೊತೆಗೆ ಹೋಗಬಾರದು. ಕೈಗೆಟಕುವಲ್ಲಿ ಕಟಾಫ್ ಸ್ವಿಚ್ ಇದ್ದರೆ ಅಪಘಾತದ ಹೊತ್ತಿನಲ್ಲಿ ಬೆಂಕಿ ತಡೆಯಲು ನೆರವಾಗುತ್ತದೆ.

ಹಾಡಿನ ಪೆಟ್ಟಿಗೆಗೋ ಫ್ಯಾನಿಗೋ ಎರಡರಲ್ಲಿ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆಯುವ ಅಭ್ಯಾಸ ಬಿಡಬೇಕು. ಹಾಗೆ ಮಾಡಿದರೆ ಒಂದು ಬ್ಯಾಟರಿ ಸದಾ ಅರೆಚಾರ್ಜಿನಲ್ಲಿ ಉಳಿಯುತ್ತದೆ, ಇನ್ನೊಂದು ಮಿತಿಮೀರಿ ಚಾರ್ಜ್ ಆಗಿ ಹೆಚ್ಚು ಜಲಜನಕ ಬಿಡುತ್ತದೆ. 24 ವೋಲ್ಟನ್ನು 12ಕ್ಕೆ ಇಳಿಸುವ ಕನ್ವರ್ಟರ್ ಇದಕ್ಕೆ ಪರಿಹಾರ.

ಹಾಕಿದ ಮೇಲಿನ ಆರೈಕೆ

ಮೊದಲ ಕೆಲವು ದಿನಗಳ ಓಟದ ನಂತರ ಎಲ್ಲ ಬೋಲ್ಟುಗಳನ್ನೂ ಮತ್ತೆ ಪರೀಕ್ಷಿಸಬೇಕು, ಏಕೆಂದರೆ ಬಣ್ಣ ಮತ್ತು ರಬ್ಬರ್ ಅದುಮಿಕೊಂಡು ಬಿಗಿ ಸಡಿಲವಾಗುತ್ತದೆ. ಆಮೇಲೆ ಪ್ರತಿ ಸರ್ವಿಸಿಗೆ ಬೆಸುಗೆಯ ಅಂಚು, ಬಸಿಯುವ ತೂತು, ಕೇಬಲ್ ಉಜ್ಜಿದ ಗುರುತು ನೋಡಬೇಕು. ಆಮ್ಲ ಚೆಲ್ಲಿದ್ದರೆ ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆಯಬೇಕು, ಆ ನೀರು ಬ್ಯಾಟರಿಯೊಳಗೆ ಹೋಗದಂತೆ ಮುಚ್ಚಳಗಳು ಬಿಗಿಯಾಗಿರಬೇಕು. ಟರ್ಮಿನಲ್‌ಗಳನ್ನು ಶುಚಿಮಾಡಿ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಆಮ್ಲದ ತೇವಕ್ಕೆ ಅವು ಕಿಲುಬುಗಟ್ಟುವುದಿಲ್ಲ.