ದಸರೆ ಮುಗಿದ ಮೇಲೆ ಬೆಟ್ಟದ ತೇರು

ಚಾಮುಂಡಿಬೆಟ್ಟದ ದೇವಿ ಎಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ಜಂಬೂಸವಾರಿ. ಆದರೆ ಬೆಟ್ಟದ ಸ್ವಂತ ಜಾತ್ರೆ ನಡೆಯುವುದು ವಿಜಯದಶಮಿಯ ಗದ್ದಲವೆಲ್ಲ ಇಳಿದ ಮೇಲೆ, ಆಶ್ವಯುಜ ಹುಣ್ಣಿಮೆಯ ಹೊತ್ತಿಗೆ. ರಾಜವಂಶಸ್ಥರು ಚಾಲನೆ ಕೊಟ್ಟ ತೇರನ್ನು ಗುಡಿಯ ಸುತ್ತ ಎಳೆಯುವವರು ಭಕ್ತರು. ಆಮೇಲೆ ದೇವಿಕೆರೆಯಲ್ಲಿ ತೆಪ್ಪೋತ್ಸವ. ಈ ದೇವಸ್ಥಾನವನ್ನು ಅರಿಯಬೇಕೆನ್ನುವವರು ಬೆಟ್ಟ ಹತ್ತಬೇಕಾದದ್ದು ಆಗಲೇ. ಇಲ್ಲಿನ ಹಬ್ಬವನ್ನು ಉಳಿಸಿರುವುದು ಅರಮನೆಯ ವೈಭವಕ್ಕಿಂತ ಹೆಚ್ಚಾಗಿ ಜನರ ಹರಕೆ ಎಂಬುದು ಆ ದಿನಗಳಲ್ಲಿ ಚೆನ್ನಾಗಿ ತಿಳಿಯುತ್ತದೆ.

ಕಾಣುವುದೆಲ್ಲ ಅರಸರು ಕಟ್ಟಿಸಿದ್ದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಬಹುಪಾಲು ನಿಜ. ಸಾವಿರ ಮೆಟ್ಟಿಲು, ನಡುದಾರಿಯ ಏಕಶಿಲಾ ನಂದಿ 17ನೇ ಶತಮಾನದ ದೊಡ್ಡ ದೇವರಾಜ ಒಡೆಯರ ಕೊಡುಗೆ; ರಾಜಗೋಪುರ 1827ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ಆ ಮುಮ್ಮಡಿಯವರೇ ಮೂವರು ರಾಣಿಯರೊಡನೆ ಗುಡಿಯೊಳಗೆ ವಿಗ್ರಹರೂಪದಲ್ಲಿ ಭಕ್ತರಾಗಿ ನಿಂತಿದ್ದಾರೆ. ಪಕ್ಕದ ಮಹಾಬಲೇಶ್ವರನ ಗುಡಿಯಂತೂ ಒಡೆಯರ ಆಳ್ವಿಕೆಗಿಂತ ಎಷ್ಟೋ ಹಳೆಯದು. ಇನ್ನು ಈ ಸೀಮೆಯ ಜನಪದರ ಹಾಡಿನಲ್ಲಿ ಚಾಮುಂಡಿ ಸಿಂಹಾಸನದ ಕುಲದೇವತೆಯಾಗಿ ಕೂರುವುದಿಲ್ಲ. ನಂಜನಗೂಡಿನ ನಂಜುಂಡನಿಗೆ ಒಲಿಯುತ್ತಾಳೆ, ಅವನ ಹೆಂಡತಿ ದೇವೀರಿಯೊಡನೆ ಜಗಳಕ್ಕಿಳಿಯುತ್ತಾಳೆ, ರಾಕ್ಷಸನೊಡನೆ ಕಾದುವಾಗ ತಂಗಿ ಉತ್ತನಹಳ್ಳಿ ಮಾರಮ್ಮನ ನೆರವು ಪಡೆಯುತ್ತಾಳೆ. ಅರಸರು ದೇವಿಗೆ ಗೋಪುರ ಕೊಟ್ಟರೆ, ಒಕ್ಕಲು ಮಕ್ಕಳು ಅವಳಿಗೆ ನೆಂಟಸ್ತಿಕೆ ಕೊಟ್ಟರು.

ಅರಮನೆಯ ಆಸರೆ ಇಲ್ಲದಿದ್ದರೆ ಈ ಸಂಭ್ರಮ ಉಳಿಯುತ್ತಿತ್ತೇ ಎಂಬ ಪ್ರಶ್ನೆಗೆ ಇತಿಹಾಸವೇ ಉತ್ತರ ಕೊಟ್ಟಿದೆ. 1971ರಲ್ಲಿ ರಾಜಧನ ರದ್ದಾಯಿತು. ಅರಸರು ಕೂರುತ್ತಿದ್ದ ಸುಮಾರು 750 ಕಿಲೋ ತೂಕದ ಅಂಬಾರಿಯಲ್ಲಿ ಈಗ ದೇವಿಯೇ ಕೂರುತ್ತಾಳೆ, ಮೆರವಣಿಗೆ ನಿಲ್ಲಲಿಲ್ಲ. ಅದೂ ಸರ್ಕಾರದ ದುಡ್ಡಿನಿಂದ ನಡೆಯುತ್ತಿದೆ ಎನ್ನುವುದಾದರೆ ಆಷಾಢ ಶುಕ್ರವಾರಗಳನ್ನು ನೋಡಿ. ಆಗ ಆನೆಯಿಲ್ಲ, ಅಂಬಾರಿಯಿಲ್ಲ; ಆದರೂ ನಸುಕಿನಿಂದಲೇ ಸಾಲು ಬೆಳೆಯುತ್ತದೆ, ಹೆಂಗಸರು ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಹತ್ತುತ್ತಾರೆ. ಈ ಜನಸಾಗರ ಬೆಟ್ಟಕ್ಕೆ ಭಾರವೆಂಬ ಆಕ್ಷೇಪದಲ್ಲಿ ಹುರುಳಿದೆ: 2021ರ ಮಳೆಗೆ ನಂದಿಯ ಕಡೆಯ ರಸ್ತೆ ಕುಸಿದದ್ದನ್ನು ಮೈಸೂರಿಗರು ಮರೆತಿಲ್ಲ. ಆದರೆ ಬೆಟ್ಟವನ್ನು ಹಣ್ಣುಮಾಡುವುದು ಮೆಟ್ಟಿಲು ಹತ್ತುವ ಕಾಲುಗಳಿಗಿಂತ ತುದಿಯವರೆಗೆ ಏರುವ ವಾಹನಗಳು ಮತ್ತು ಅವುಗಳ ಹಿಂದೆಯೇ ಬರುವ ಕಟ್ಟಡಗಳು. ಹರಕೆಯವರಿಗೆ ಬೇಕಾದದ್ದು ಗಟ್ಟಿ ಮೆಟ್ಟಿಲು, ಕುಡಿಯುವ ನೀರು, ನೆರಳು; ಬೆಟ್ಟದ ಮೇಲೆ ಖರ್ಚಾಗುವ ಹಣ ಮೊದಲು ಅಲ್ಲಿಗೆ ಹೋಗಲಿ.